ಗ್ಯಾರೇಜಲ್ಲಿ ತೋಟಾ, ಬಾಯಲ್ಲಿ ಉಳಿತಾಯ

ಮೊದ್ಲು ಒಂದು ಪ್ರಶ್ನೆ. ಆ ಎಣ್ಣೆ ತೆಗೆಯೋ ಮಿಷಿನ್ ಈಗ ಎಲ್ಲಿದೆ? ಅದೇ ಮಾರಾಯ್ರೆ, ಅಂಗಡಿ ಎಣ್ಣೆ ಪೂರಾ ಕಲಬೆರಕೆ, ಮನೇಲೇ ಕಡಲೆಬೀಜ ಹಾಕಿ ತೆಗೆದ್ರೆ ವರ್ಷದೊಳಗೆ ಮಿಷಿನ್ ದುಡ್ಡು ವಾಪಸ್ ಅಂತ ಕ್ಯಾಲೆಂಡರ್ ಹಾಳೆ ಹಿಂದೆ ಲೆಕ್ಕ ಬರೆದು ತೋರ್ಸಿ ತಂದ್ರಲ್ಲ. ಅಟ್ಟದ ಮೇಲೆ? ಹಳೇ ಕಂಬಳಿ ಅಡಿಗೆ? (ಹೆದರ್ಬೇಡಿ, ನಾನು ಯಾರಿಗೂ ಹೇಳಲ್ಲ.)

ಬೇಜಾರೂ ಮಾಡ್ಕೋಬೇಡಿ. ನಿಮ್ಮ ಪೈಕಿಯವ್ರು ಅಮೆರಿಕದಲ್ಲಿ ರಾಶಿ ರಾಶಿ ಇದಾರೆ. ಅವ್ರು ಎಣ್ಣೆ ತೆಗೆಯಲ್ಲ, ತೋಟಾ ತುಂಬ್ತಾರೆ. ಹೌದು, ಬಂದೂಕಿಗೆ ಹಾಕೋ ತೋಟಾನೇ. ಒಂದ್ಸಲ ಹೊಡೆದ ಖಾಲಿ ತೋಟಾನ ಮನೆಗೆ ತಂದು, ಗ್ಯಾರೇಜಲ್ಲಿ ಕೂತು, ಮತ್ತೆ ಮದ್ದು ತುಂಬಿ ಹೊಸದು ಮಾಡ್ಕೊಳ್ಳೋದು. ರೀಲೋಡಿಂಗ್ ಅಂತಾರೆ.

ಕಳ್ಳರೋ ಪುಂಡರೋ ಅಂದ್ಕೊಂಡ್ರಾ? ಅಲ್ಲ. ರಿಟೈರ್ ಆದ ಮೇಷ್ಟ್ರು, ಹಲ್ಲಿನ ಡಾಕ್ಟ್ರು, ಪ್ಲಂಬರ್ರು, ಇಂಥವ್ರೇ. ತಮ್ಮ ಸ್ವಂತ ಬಳಕೆಗೆ ತುಂಬ್ಕೊಳ್ಳೋಕೆ ಅಲ್ಲಿ ಫೆಡರಲ್ ಕಾನೂನಲ್ಲಿ ಲೈಸೆನ್ಸೇ ಬೇಡ. ತುಂಬಿ ಮಾರೋ ವ್ಯಾಪಾರಕ್ಕೆ ಇಳಿದ್ರೆ ಮಾತ್ರ ಬೇಕು. (ಇದನ್ನ ಓದಿ ನೀವು ಇಲ್ಲಿ ಕೊಟ್ಟಿಗೆ ಮೂಲೇಲಿ ಶುರು ಹಚ್ಕೋಬೇಡಿ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಅಂತ ಒಂದಿದೆ. ಲೈಸೆನ್ಸ್ ಇಲ್ದೆ ತೋಟಾ ತಯಾರಿಸಿದ್ರೆ ಸೀದಾ ಒಳಗೆ.)

ಮಲೆನಾಡಿನವ್ರಿಗೆ, ಕೊಡಗಿನವ್ರಿಗೆ ತೋಟಾ ಅಂದ್ರೆ ಏನಂತ ಬಿಡಿಸಿ ಹೇಳೋದು ಬೇಡ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡೋ ಜನ. ಉಳಿದವ್ರು ಕೇಳಿ. ತೋಟಾದಲ್ಲಿ ನಾಲ್ಕೇ ಸಾಮಾನು: ಬುಡದಲ್ಲಿ ಕೇಪು, ಒಳಗೆ ಮದ್ದು, ತುದೀಲಿ ಗುಂಡು, ಎಲ್ಲಾನೂ ಹಿಡ್ಕೊಂಡಿರೋಕೆ ಹಿತ್ತಾಳೆ ಚಿಪ್ಪು. ಹೊಡೆದಾಗ ಕೇಪು ಸಿಡೀತು, ಮದ್ದು ಉರೀತು, ಗುಂಡು ಹೋಯ್ತು. ಚಿಪ್ಪು ಮಾತ್ರ ಬೆಚ್ಚಗೆ ನಿಮ್ಮ ಕಾಲ ಹತ್ರ ಬಿತ್ತು.

ಈಗ ಹೇಳಿ, ಅದನ್ನ ಬಿಟ್ಟು ಬರ್ತೀರಾ? ನಾಲ್ಕರಲ್ಲಿ ಜಾಸ್ತಿ ಬೆಲೆ ಅದಕ್ಕೇ. ನೋಡೋಕೆ ಬಂಗಾರದ ಬಣ್ಣ ಬೇರೆ. ಸುತ್ತ ಯಾರೂ ನೋಡ್ತಿಲ್ಲ. ಬಗ್ಗಿದ್ರಿ, ಎತ್ಕೊಂಡ್ರಿ, ಜೇಬಿಗೆ ಹಾಕಿದ್ರಿ. ಮುಗೀತು, ನಿಮ್ಮ ಕಥೆ ಅಲ್ಲಿಂದ ಶುರು.

ಸರಿ, ನಿಮ್ಮನ್ನ ಈಗ ಓಹಾಯೋದಲ್ಲಿ ಒಂದು ಗ್ಯಾರೇಜಿಗೆ ಇಳಿಸ್ತೀನಿ. ಮನೆಯವ್ರಿಗೆ ನೀವು ಹೇಳಿದ್ದು ಒಂದೇ ಮಾತು: "ಅಂಗಡೀಲಿ ತಗೊಳೋದಕ್ಕಿಂತ ಅರ್ಧ ರೇಟಿಗೆ ಬೀಳುತ್ತೆ ಕಣೇ." ಸುಳ್ಳಲ್ಲ. ಒಂದೊಂದು ತೋಟಾದ ಲೆಕ್ಕ ಹಿಡಿದ್ರೆ ಉಳಿಯೋದು ನಿಜ. ಆದ್ರೆ ಆ ಹವ್ಯಾಸದ ಹಳಬರೇ ಹೊಸಬರಿಗೆ ನಗ್ತಾ ಹೇಳೋದು ಇನ್ನೊಂದು: ದುಡ್ಡೇನೂ ಉಳಿಯಲ್ಲಪ್ಪ, ಅದೇ ದುಡ್ಡಿಗೆ ಜಾಸ್ತಿ ಹೊಡೀತೀಯ, ಅಷ್ಟೇ.

ಯಾಕಂದ್ರೆ ಮೊದ್ಲು ಪ್ರೆಸ್ ಬೇಕು. ಹಿಡಿ ಎಳೆದ್ರೆ ಹಳೇ ಕೇಪು ಉದುರುತ್ತೆ, ಹಿಗ್ಗಿದ ಚಿಪ್ಪು ಅಳತೆಗೆ ಬರುತ್ತೆ. ಅದಕ್ಕೆ ಡೈ ಬೇಕು, ಒಂದೊಂದು ಜಾತಿ ತೋಟಾಕ್ಕೆ ಒಂದೊಂದು ಸೆಟ್ಟು. ಮದ್ದು ತೂಗೋಕೆ ತಕ್ಕಡಿ. ಉದ್ದ ನೋಡೋಕೆ ಕ್ಯಾಲಿಪರ್ಸ್. ಉದ್ದ ಜಾಸ್ತಿಯಾದ್ರೆ ಕತ್ತರಿಸೋಕೆ ಟ್ರಿಮ್ಮರ್. ಕತ್ತರಿಸಿದ ಅಂಚು ನುಣ್ಣಗೆ ಮಾಡೋಕೆ ಮತ್ತೊಂದು. ಇಷ್ಟೆಲ್ಲಾ ಇಡೋಕೆ ಅಲ್ಲಾಡದ ಮೇಜು. (ಆ ಕ್ಯಾಲೆಂಡರ್ ಹಾಳೇಲಿ ಮೇಜು ಬರೆದಿದ್ರಾ? ಇಲ್ಲ ಅಲ್ವಾ.)

ಹಾಗಂತ ಈ ಉಳಿತಾಯದ ಮಾತು ಪೂರಾ ಬೊಗಳೆ ಅನ್ಬೇಡಿ, ಅದಕ್ಕೆ ದೊಡ್ಡ ಮನೆತನ ಇದೆ. 1870ರ ದಶಕದಲ್ಲಿ ಅಮೆರಿಕದ ಕಾಡೆಮ್ಮೆ ಬೇಟೆಗಾರರು ಬಯಲಲ್ಲಿ ಬೆಂಕಿ ಪಕ್ಕ ಕೂತು ತೋಟಾ ತುಂಬ್ತಿದ್ರು. ಎರಡನೇ ಮಹಾಯುದ್ಧ ಬಂತು, ಗುಂಡು ತಾಮ್ರ ಎಲ್ಲಾ ಸೈನ್ಯಕ್ಕೆ ಹೋಯ್ತು, ಹವ್ಯಾಸಿ ಕೈ ಖಾಲಿ. ಆಗ ಕೆಲವರ ಕಣ್ಣು ಬಿದ್ದಿದ್ದು ಪಾಯಿಂಟ್ 22 ಬಂದೂಕಿನ ಖಾಲಿ ಚಿಪ್ಪುಗಳ ಮೇಲೆ. ಅದನ್ನೇ ಒತ್ತಿ ಗುಂಡಿನ ಹೊರಕವಚ ಮಾಡಿದ್ರು.

ಕ್ಯಾಲಿಫೋರ್ನಿಯಾದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅಂತ ಒಬ್ಬ, ಅಪ್ಪನ ಲಾಂಡ್ರಿ ಅಂಗಡಿ ಹಿಂದಿನ ಕೋಣೇಲಿ ಇದಕ್ಕೆ ಡೈ ಮಾಡೋಕೆ ಕೂತ. 1943ರಲ್ಲಿ. ಮುಂದೆ ಇಸ್ತ್ರಿ, ಹಿಂದೆ ಗುಂಡು. ಅವನ ಗುರಿ ರಾಕ್‌ಚಕ್ ಅನ್ನೋ ಬಂಡೆಗಳಲ್ಲಿ ಇರೋ ದಪ್ಪ ಪ್ರಾಣಿ. ಹಾಗಾಗಿ ಡೈಗೆ ರಾಕ್ ಚಕ್ ಬುಲೆಟ್ ಸ್ವೇಜ್ ಅಂತ ಹೆಸರಿಟ್ಟ. ಅದೇ ಆರ್‌ಸಿಬಿಎಸ್ ಕಂಪನಿ ಆಯ್ತು. ಆ ಪ್ರಾಣಿ ಎಷ್ಟೋ ಸತ್ತಿರ್ಬೇಕು, ಹೆಸರು ಮಾತ್ರ ಇವತ್ತಿಗೂ ಹಸಿರು ಡಬ್ಬಿ ಮೇಲೆ ಇದೆ.

ಯುದ್ಧ ಮುಗಿದ್ಮೇಲೆ ತಲೆನೋವು ಉಲ್ಟಾ: ಸರ್ಕಾರದ ಹತ್ರ ಮದ್ದು ಬೇಕಾದಷ್ಟು, ಕೊಳ್ಳೋರಿಲ್ಲ. ಕಾನ್ಸಾಸ್ ಕಡೆಯ ಬ್ರೂಸ್ ಹಾಜ್‌ಡನ್ ಅದನ್ನ ಸಗಟು ಕೊಂಡ. ಇಡೋಕೆ ಜಾಗ? ಹಳೇ ರೈಲು ಡಬ್ಬಿ ತಂದು ಬಾಡಿಗೆ ಹುಲ್ಲುಗಾವಲಲ್ಲಿ ನಿಲ್ಲಿಸಿದ. ಪತ್ರಿಕೇಲಿ ಸಣ್ಣ ಜಾಹೀರಾತು ಕೊಟ್ಟ. ಆರ್ಡರ್ ಬಂದ ಮದ್ದನ್ನ ಅವನ ಹುಡುಗರು ಸ್ಕೂಲಿಗೆ ಹೋಗ್ತಾ ಕಾರ್ ಡಿಕ್ಕೀಲಿ ರೈಲ್ವೆ ಪಾರ್ಸಲ್ಲಿಗೆ ಹಾಕಿ ಹೋಗ್ತಿದ್ರು. (ನಿಮ್ಮ ಮಗನಿಗೆ ಹಾಲಿನ ಪ್ಯಾಕೆಟ್ ತಾ ಅಂದ್ರೆ ಏನಂತಾನೆ?)

1958ರಲ್ಲಿ ರಿಚರ್ಡ್ ಲೀ ಅನ್ನೋನು ತನ್ನ ಮನೆ ವರ್ಕ್‌ಶಾಪಲ್ಲಿ ಇನ್ನೂ ಸರಳ ಮಾಡಿಬಿಟ್ಟ. ಪ್ರೆಸ್ ಬೇಡ, ಮೇಜೂ ಬೇಡ. ಅಂಗೈಯಲ್ಲಿ ಹಿಡಿಯೋವಷ್ಟು ಒಂದು ಸಣ್ಣ ಕಿಟ್ಟು. ಆಮೇಲೆ ಬಂದ ಅದರ ರೈಫಲ್, ಪಿಸ್ತೂಲ್ ಕಿಟ್ಟಿಗೆ ಬೇಕಾಗಿದ್ದು ಒಂದು ಕೊಡತಿ, ಬಡಿಯೋಕೆ ಒಂದು ಗಟ್ಟಿ ಜಾಗ, ಅಷ್ಟೇ. ನಿಜವಾಗ್ಲೂ ಉಳಿತಾಯ ಬೇಕಿದ್ದವ್ರಿಗೆ ಕಥೆ ಇಲ್ಲಿಗೇ ಮುಗೀಬೇಕಿತ್ತು. ನಿಮಗೆ ಮುಗೀತಾ?

ಎಲ್ಲಿ ಮುಗಿಯುತ್ತೆ! ಕೊಡತೀಲಿ ಬಡಿಯೋದು ನಿಮ್ಮ ಲೆವೆಲ್ಲಿಗಲ್ಲ. ನಿಮಗೆ ಅರಿಜೋನಾದ ಡಿಲ್ಲನ್ ಮಿಷಿನ್ ಬೇಕು. ಪೈಲಟ್ ಆಗಿದ್ದ ಮೈಕ್ ಡಿಲ್ಲನ್ ಮಾಡಿದ್ದು: ತಟ್ಟೆ ತಿರುಗ್ತಾ ಇರುತ್ತೆ, ಒಂದ್ಕಡೆ ಕೇಪು, ಒಂದ್ಕಡೆ ಮದ್ದು, ಒಂದ್ಕಡೆ ಗುಂಡು, ಹಿಡಿ ಎಳೆದಾಗೆಲ್ಲಾ ಒಂದೊಂದು ತಯಾರಾದ ತೋಟಾ ಬುಟ್ಟಿಗೆ. ಅಲ್ಲಿ ಬಣ್ಣ ನೋಡೇ ಪಕ್ಷ ಹೇಳ್ತಾರೆ. ಡಿಲ್ಲನ್ ನೀಲಿ, ಆರ್‌ಸಿಬಿಎಸ್ ಹಸಿರು, ಲೀ ಕೆಂಪು, ಹಾರ್ನಡಿನೂ ಕೆಂಪು. ನೀಲಿಯವ್ರಿಗೆ ಕೆಂಪಿನವ್ರನ್ನ ಕಂಡ್ರೆ ಅಷ್ಟಕ್ಕಷ್ಟೆ. ಮೂರೂ ಬಣ್ಣದಿಂದ ಬಂದ ಗುಂಡು ರಟ್ಟಿಗೆ ಹಾಕೋ ತೂತು ಮಾತ್ರ ಒಂದೇ ಥರ. ಇದನ್ನ ಅಲ್ಲಿ ಜೋರಾಗಿ ಹೇಳ್ಬೇಡಿ.

ಮಧ್ಯದಲ್ಲಿ ಒಂದು ತಮಾಷೆ. ಕೇಪಿನಲ್ಲಿ ಎರಡು ಜಾತಿ. ಒಂದು ಅಮೆರಿಕದ ಬರ್ಡನ್ ಮಾಡಿದ್ದು, ಇನ್ನೊಂದು ಇಂಗ್ಲೆಂಡಿನ ಬಾಕ್ಸರ್ ಮಾಡಿದ್ದು. ಅಮೆರಿಕದವನದ್ದು ಹೋಗಿ ಯುರೋಪಿನಲ್ಲಿ ನೆಲೆ ನಿಂತ್ಕೊಂಡ್ತು, ಇಂಗ್ಲೆಂಡಿನವನದ್ದು ಬಂದು ಅಮೆರಿಕದಲ್ಲಿ ಕೂತ್ಕೊಂಡ್ತು! ಬಾಕ್ಸರ್ ಚಿಪ್ಪಿಗೆ ಬುಡದ ನಡುವೆ ಒಂದೇ ತೂತು, ಕಡ್ಡಿ ತೂರಿಸಿದ್ರೆ ಹಳೇ ಕೇಪು ಟಕ್ ಅಂತ ಹೊರಗೆ. ಬರ್ಡನ್ನಿಗೆ ನಡುವೆ ತೂತೇ ಇಲ್ಲ, ಆಚೀಚೆ ಸಣ್ಣವು, ಕೀಳೋಕೆ ಹರಸಾಹಸ. ಅಮೆರಿಕದ ಗ್ಯಾರೇಜುಗಳು ಇಷ್ಟು ಸಲೀಸಾಗಿ ನಡೀತಿರೋದು ಆ ಇಂಗ್ಲೆಂಡಿನವನ ಪುಣ್ಯ.

ಇನ್ನು ತೊಳೆಯೋ ವಿಷಯ. ಹೊಡೆದ ಚಿಪ್ಪು ಕರ್ರಗಿರುತ್ತೆ. ಅದನ್ನ ಪುಡಿ ಮಾಡಿದ ಜೋಳದ ದಿಂಡಲ್ಲೋ, ವಾಲ್‌ನಟ್ ಚಿಪ್ಪಿನ ಪುಡೀಲೋ ಹಾಕಿ ಟಂಬ್ಲರ್ ಅನ್ನೋ ಮಿಷಿನ್ನಲ್ಲಿ ಗಂಟೆಗಟ್ಲೆ ಅಲ್ಲಾಡಿಸ್ತಾರೆ. ಅದು ಸಾಲ್ದು ಅಂದವ್ರಿಗೆ ಸ್ಟೀಲ್ ಕಡ್ಡಿ, ನೀರು, ಪಾತ್ರೆ ಸೋಪು. ಮನೆಯೆಲ್ಲಾ ಗರಗರ. ಗುರಿಗೆ ಈ ಹೊಳಪು ಬೇಕಾ ಅಂತ ಕೇಳಿದ್ರೆ, ಬೇಡ. ಮಣ್ಣು, ಮಸಿ ಹೋಗಿದ್ರೆ ಸಾಕು. ಆದ್ರೂ ಫೋಟೋ ತೆಗೆದು ಕಳ್ಸೋವಷ್ಟು ಮಿಂಚ್ಬೇಕು ನಿಮಗೆ. (ಅದೇ ಕೈಯಲ್ಲಿ ಬಚ್ಚಲು ಒಂದ್ಸಲ ತಿಕ್ಕಿ ಅಂದ್ರೆ ಸೊಂಟ ನೋವು.)

ಇಷ್ಟರಲ್ಲಿ ನಿಮಗೆ ಶೋಧನೆಯ ಹುಚ್ಚು ಹತ್ತಿರುತ್ತೆ. ಮದ್ದು ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದ್ರೆ ಒಂದು ಗ್ರೇನ್ ಅಂದಾಜು 65 ಮಿಲಿಗ್ರಾಂ. ಅದರ ಹತ್ತರಲ್ಲೊಂದು ಪಾಲಿನವರೆಗೆ ತೂಗಿದ್ರೆ ಮಾಮೂಲಿ ಮನುಷ್ಯನಿಗೆ ತೃಪ್ತಿ. ನಿಮಗಿಲ್ಲ. ಮದ್ದಿನ ಒಂದೇ ಒಂದು ಕಾಳು ಜಾಸ್ತಿಯಾದ್ರೂ ಹೇಳೋ ತಕ್ಕಡಿ ಸಿಗುತ್ತೆ. ತರಿಸ್ತೀರಿ. ಚಿಪ್ಪಿನ ಕತ್ತು ಗಡುಸಾಗುತ್ತಂತೆ, ಅದನ್ನ ಹದವಾಗಿ ಕಾಯ್ಸೋಕೆ ನ್ಯೂಜಿಲೆಂಡಿನ ಕಂಪನಿಯ ಮಿಷಿನ್ ಇದೆ, ಸಾವಿರ ಡಾಲರಿಗೂ ಮೇಲೆ. ಅದನ್ನೂ. ಯಾಕೆ? ಉಳಿತಾಯಕ್ಕೆ!

ಈ ಹುಚ್ಚಿನ ತುತ್ತತುದೀಲಿರೋರು ಬೆಂಚ್‌ರೆಸ್ಟ್ ಸ್ಪರ್ಧೆಯವ್ರು. ಕೋವೀನ ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ, ಐದು ಗುಂಡನ್ನ ಒಂದೇ ತೂತಲ್ಲಿ ಕಳ್ಸೋಕೆ ನೋಡೋ ಜನ. ಒಂದು ಗುಂಡು ಪಕ್ಕಕ್ಕೆ ಹೋಯ್ತಾ, ಬೈಯೋದು ಗಾಳಿಗೆ. 1980ರ ದಶಕದ ಶುರುವಲ್ಲಿ ಹ್ಯೂಸ್ಟನ್‌ನಲ್ಲಿ ಕೆಲವರಿಗೆ ಒಂದು ದೈತ್ಯ ಗೋದಾಮು ಸಿಕ್ತು. ನೂರು ಗಜಕ್ಕೂ ಉದ್ದ ಜಾಗ, ಎಲೆ ಅಲ್ಲಾಡದ ಗಾಳಿ. ರಾತ್ರಿ ಹೊತ್ತು ಒಳಗೇ ಗುರಿ ಇಟ್ಟು, ತಪ್ಪು ಗಾಳೀದೋ ತಮ್ಮದೋ ಅಂತ ಪರೀಕ್ಷೆ ಮಾಡಿದ್ರು. ಎಷ್ಟು ಜನಕ್ಕೆ ಬರುತ್ತೆ ಹೇಳಿ ಆ ಧೈರ್ಯ? ನೀವಾದ್ರೆ ಗಾಳಿ ಇರೋ ಜಾಗವನ್ನೇ ಹುಡುಕ್ಕೊಂಡು ಹೋಗ್ತಿದ್ರಿ.

ನಿಮ್ಮ ಹೊಟ್ಟೆ ಉರಿಯೋ ಸಂಗತಿ ಒಂದಿದೆ, ಹೇಳ್ಲಾ? ಈ ನೂರು, ಇನ್ನೂರು ಗಜದ ಬೆಂಚ್‌ರೆಸ್ಟಿನ ಘಟಾನುಘಟಿಗಳು ಹಿಂದಿನಿಂದ್ಲೂ ಮದ್ದನ್ನ ಒಂದೊಂದಾಗಿ ತೂಗ್ತಾನೇ ಇರ್ಲಿಲ್ಲ. ಮೈದಾನದಲ್ಲೇ ಕೂತು, ಅಳತೆಯ ಕೊಳವೆ ಹಿಡಿ ತಿರುಗಿಸಿ ಸುರಿದು, ಮುಂದಿನ ಸುತ್ತಿಗೆ ತಯಾರು. ನೀವು ಮನೇಲಿ ಚಿಮಟ ಹಿಡ್ಕೊಂಡು ಒಂದು ಕಾಳು ಹಾಕಿ, ಒಂದು ಕಾಳು ತೆಗೆದು...

ಇರ್ಲಿ, ನಿಮ್ಮ ಕಷ್ಟ ನನಗೆ ಗೊತ್ತು. ಆಫೀಸಲ್ಲಿ ಸಾಹೇಬ್ರು ಕೇಳಲ್ಲ, ಮನೇಲಿ ಮಗಳು ಕೇಳಲ್ಲ, ವಾಟ್ಸಾಪ್ ಗುಂಪಲ್ಲಿ ಭಾವ ಅಂತೂ ಕೇಳೋದೇ ಇಲ್ಲ. ಈ ಒಂದು ಮೇಜಿನ ಮೇಲೆ ಮಾತ್ರ ನೀವು ಹೇಳಿದಷ್ಟೇ ಬೀಳುತ್ತೆ. ಅದಕ್ಕೆ ಬೆಲೆ ಕಟ್ಟೋಕಾಗುತ್ತಾ? ಆಗಲ್ಲ. ಅದಕ್ಕೇ ಬಿಲ್ಲು ಹರಿದು ಹಾಕಿದ್ರಿ.

ಒಂದು ನಿಮಿಷ ತಮಾಷೆ ಪಕ್ಕಕ್ಕಿಡೋಣ. ಈ ಮೇಜಿನ ಮೇಲೆ ಮೈಮರೆತ್ರೆ ಕಣ್ಣೋ ಕೈಯೋ ಹೋಗುತ್ತೆ. ಒಂದೇ ಚಿಪ್ಪಿಗೆ ಎರಡು ಸಲ ಮದ್ದು ಬಿದ್ರೆ ಕೋವೀನೇ ಒಡೀಬಹುದು. ಮದ್ದೇ ಬೀಳದಿದ್ರೆ ಬರೀ ಕೇಪಿನ ಜೋರಿಗೆ ಗುಂಡು ನಳಿಗೆ ಮಧ್ಯ ಸಿಕ್ಕಾಕ್ಕೊಳ್ಳುತ್ತೆ. ಅದು ಗೊತ್ತಾಗ್ದೆ ಹಿಂದೇನೇ ಇನ್ನೊಂದು ಹೊಡೆದ್ರೆ ಮುಗೀತು. ಹಾಗಾಗಿ ತಿಳಿದವ್ರ ಮೇಜಿನ ಮೇಲೆ ಒಂದ್ಸಲಕ್ಕೆ ಮದ್ದಿನ ಡಬ್ಬಿ ಒಂದೇ. ಗುಂಡು ಕೂರಿಸೋ ಮುಂಚೆ ಸಾಲಾಗಿ ನಿಲ್ಲಿಸಿದ ಚಿಪ್ಪುಗಳೊಳಗೆ ಟಾರ್ಚ್ ಬಿಟ್ಟು ನೋಡ್ತಾರೆ. ಸೀಸದ ಧೂಳು ಅಂತ ಕೈ ತೊಳೀದೆ ಊಟಕ್ಕೆ ಕೂರಲ್ಲ.

ಟಿವಿ ಇಲ್ಲ. ಮಾತಿಲ್ಲ. ಮೊಬೈಲ್ ಹತ್ರಾನೂ ಇಲ್ಲ. (ಈಗ ಗೊತ್ತಾಯ್ತಾ ನಿಮಗೆ ಯಾಕೆ ಆಗಲ್ಲ ಅಂತ? ಇಲ್ಲೀವರೆಗೆ ಓದೋವಷ್ಟರಲ್ಲಿ ಫೋನ್ ಎಷ್ಟು ಸಲ ನೋಡಿದ್ರಿ?)

ಇನ್ನೊಂದು ವಿಚಿತ್ರ. ಮದ್ದು ಜಾಸ್ತಿ ಇದ್ರೆ ದಪ್ಪ ಕಬ್ಬಿಣದ ಪೆಟ್ಟಿಗೇಲಿ ಬೀಗ ಹಾಕಿ ಇಡೋದು ಅಂತ ತಾನೆ ನೀವು ಅಂದ್ಕೊಂಡಿದ್ದು? ಅಲ್ಲಿನ ಬೆಂಕಿ ನಿಯಮ ಹೇಳೋದು ಮರದ ಪೆಟ್ಟಿಗೆ. 20 ಪೌಂಡಿನವರೆಗೆ ಮೂಲ ಡಬ್ಬೀಲೇ ಮನೇಲಿಡ್ಬಹುದು, ಅದರ ಮೇಲೆ 50ರವರೆಗೆ ಒಂದಿಂಚು ದಪ್ಪದ ಮರದ ಪೆಟ್ಟಿಗೆ. ಯಾಕಂದ್ರೆ ಈ ಹೊಗೆರಹಿತ ಮದ್ದು ತೆರೆದ ಜಾಗದಲ್ಲಿ ಭರ್ರಂತ ಉರಿಯುತ್ತೆ ಅಷ್ಟೇ. ಬಿಗಿಯಾಗಿ ಮುಚ್ಚಿಟ್ರೆ ಒತ್ತಡ ಏರಿ ಬಾಂಬ್ ಆಗುತ್ತೆ.

ತಪ್ಪಾಗಿ ತುಂಬಿಬಿಟ್ರೆ? ಅದಕ್ಕೂ ಸಾಮಾನಿದೆ. ಸುತ್ತಿಗೆ ಆಕಾರದ್ದು, ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ಮೇಲೆ ಬಡಿದ್ರೆ ಗುಂಡು ಬಿಚ್ಕೊಳ್ಳುತ್ತೆ, ಮದ್ದು ಹೊರಗೆ. ಗ್ಯಾರೇಜಿನಿಂದ ಟಕ್ ಟಕ್ ಸದ್ದು ಬಂದ್ರೆ ಯಜಮಾನ್ರು ಏನೋ ಎಡವಟ್ಟು ಮಾಡ್ಕೊಂಡಿದಾರೆ ಅಂತ ಮನೆಗೆಲ್ಲಾ ಗೊತ್ತು.

2020ರಲ್ಲಿ ಕೋವಿಡ್ ಬಂತು. ಅಮೆರಿಕದ ಜನ ಬಂದೂಕು ಕೊಳ್ಳೋಕೆ ಮುಗಿಬಿದ್ರು, ಕೇಪು ಅಂಗಡಿಗಳಿಂದ ಮಾಯ. ಸಾವಿರಕ್ಕೆ ಮೂವತ್ತೋ ನಲವತ್ತೋ ಡಾಲರಿದ್ದದ್ದು ಕೈಯಿಂದ ಕೈಗೆ ನೂರು ದಾಟ್ತು. ವರ್ಷಗಟ್ಲೆ "ಇಷ್ಟೊಂದು ಯಾಕ್ರೀ ತಂದು ಒಟ್ತೀರಾ" ಅಂತ ಬೈಸ್ಕೊಂಡವ್ರ ಮೀಸೆ ಅವತ್ತು ಮೇಲಾಯ್ತು. ಕೂಡಿಟ್ಟಿದ್ದನ್ನ ಬಳಸಿದ್ರಾ? ಛೆ, ಛೆ. ಮುಂದೆ ಇನ್ನೂ ಕಷ್ಟ ಬಂದ್ರೆ ಬೇಕಲ್ಲ ಅಂತ ಮುಟ್ಲೇ ಇಲ್ಲ.

ಆ ಹವ್ಯಾಸಿಗಳಲ್ಲಿ ಓಡಾಡೋ ಒಂದು ಹಳೇ ಜೋಕು ಇದೆ. ಅವ್ರಿಗೆ ಸಾವಿನ ಭಯ ಇಲ್ಲವಂತೆ. ಇರೋ ಭಯ ಒಂದೇ: ತಾವು ಹೋದ್ಮೇಲೆ ಹೆಂಡ್ತಿ ಆ ಸಾಮಾನನ್ನೆಲ್ಲಾ, ತಾವು ಎಷ್ಟಕ್ಕೆ ತಂದೆ ಅಂತ ಹೇಳಿದ್ರೋ ಅಷ್ಟಕ್ಕೇ ಮಾರಿಬಿಟ್ರೆ? ನಗ್ಬೇಡಿ ಮಾರಾಯ್ರೆ. ಹೋದ ತಿಂಗಳು ಕೊರಿಯರಲ್ಲಿ ಬಂತಲ್ಲ, ಆ ಕ್ಯಾಮೆರಾ ಲೆನ್ಸು... ಮನೇಲಿ ಎಷ್ಟು ಅಂತ ಹೇಳಿದೀರಿ?