ಓದುವ ಪರದೆಗೆ ಇನ್ನೆಷ್ಟು ಕೆಲಸ?

2007ರ ನವೆಂಬರ್‌ನಲ್ಲಿ ಅಮೆಜಾನ್ ಮೊದಲ ಕಿಂಡಲ್ ಮಾರಾಟಕ್ಕಿಟ್ಟಿತು. ಬೆಲೆ 399 ಡಾಲರ್. ಐದೂವರೆ ಗಂಟೆಯಲ್ಲಿ ಸರಕೆಲ್ಲ ಖಾಲಿ. ಓದುವುದೊಂದನ್ನು ಬಿಟ್ಟರೆ ಬೇರೆ ಅಭ್ಯಾಸವಿಲ್ಲದ ಸಾಧನ ಅಂತ ಕೊಂಡವರ ನಂಬಿಕೆ. ಆದರೆ ಅದರ ಕೀಲಿಮಣೆಯಲ್ಲಿ ಆಲ್ಟ್, ಶಿಫ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿದರೆ ಮೈನ್‌ಸ್ವೀಪರ್ ಆಟ ಪ್ರತ್ಯಕ್ಷ! ಹುಡುಗ ಬಲು ಸಂಭಾವಿತ ಅಂತ ಮಗಳನ್ನು ಕೊಟ್ಟ ಮೇಲೆ ಅಳಿಯನ ಜೇಬಿನಲ್ಲಿ ಇಸ್ಪೀಟು ಸಿಕ್ಕ ಹಾಗಾಯಿತು.

2010ರ ಹೊತ್ತಿಗೆ ಮುಚ್ಚುಮರೆಯೂ ಹೋಯಿತು. ಪದ ಜೋಡಿಸುವ ಆಟಗಳು ಬಂದವು, ಸ್ಕ್ರ್ಯಾಬಲ್ ಬಂತು. ಮುಂದೆ ಕಿಂಡಲ್‌ನ ಪ್ರತಿಸ್ಪರ್ಧಿ ಕೋಬೋ ಸಾಧನಗಳಲ್ಲೂ ಸುಡೊಕು ಕೂತಿತು.

ಇವೆಲ್ಲ ಈ ಸಾಧನಗಳ ಪರದೆಯ ಜಾಯಮಾನಕ್ಕೆ ಒಗ್ಗುವಂಥವಲ್ಲ. ಇ-ಇಂಕ್ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು, ಒಂದೊಂದರಲ್ಲೂ ಕಪ್ಪು ಬಿಳಿ ಕಣಗಳು. ಪುಟ ತಿರುಗಿಸಿದಾಗ ಮಾತ್ರ ವಿದ್ಯುತ್ತಿನ ಅಪ್ಪಣೆಯಂತೆ ಮೇಲೆ ಕೆಳಗೆ ಸರಿದು ಮತ್ತೆ ತೆಪ್ಪಗಾಗುತ್ತವೆ. ಬ್ಯಾಟರಿ ವಾರಗಟ್ಟಲೆ ಬರುವುದು ಈ ಸೋಮಾರಿತನದಿಂದಲೇ. ಚೀನಾದ ಓನಿಕ್ಸ್ ಕಂಪನಿ ತನ್ನ ಬೂಕ್ಸ್ ಸಾಧನಗಳಲ್ಲಿ ಇಂಥ ನಿಧಾನಸ್ಥನಿಗೆ ಆಂಡ್ರಾಯ್ಡನ್ನೂ ಪ್ಲೇ ಸ್ಟೋರನ್ನೂ ಗಂಟುಹಾಕಿದೆ. ಆ ಕಪ್ಪು ಬಿಳಿ ಪರದೆಯಲ್ಲಿ ವಾಟ್ಸ್ಆ್ಯಪ್ ತೆರೆದರೆ ಶುಭೋದಯದ ಕೆಂಗುಲಾಬಿ ಬೂದುಬಣ್ಣದಲ್ಲಿ ಅರಳುತ್ತದೆ. ಅದರ ಹಿಂದೆ, ಆಗಷ್ಟೇ ಓದಿದ ಪುಟದ ಅರ್ಧ ಅಳಿಸಿದ ಸಾಲುಗಳು.

ಹಾಗಾದರೆ ಒಂದೇ ಕೆಲಸದ ಸಾಧನವೇ ಸರಿ ಅಂತ ತೀರ್ಪು ಕೊಟ್ಟು ಎದ್ದುಬಿಡಬಹುದಿತ್ತು, ಕನ್ನಡದ ಓದುಗ ಅಡ್ಡ ಬರದಿದ್ದರೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಹಿಂದಿ, ಮರಾಠಿ, ಗುಜರಾತಿ, ತಮಿಳು, ಮಲಯಾಳಂ ಪುಸ್ತಕಗಳನ್ನು ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ತುಂಬಿಕೊಳ್ಳಬಹುದು, ನಿಜ. ಆರು ಇಂಚಿನ ಪರದೆಯಲ್ಲಿ ಒತ್ತಕ್ಷರ ಕಾಣಬೇಕಾದರೆ ಪುಟ ಹಿಗ್ಗಿಸಬೇಕು. ಹಿಗ್ಗಿಸಿದರೆ ಸಾಲಿನ ಬಾಲ ಪರದೆಯಾಚೆ. ನಾಯಕ ಯಾರನ್ನು ಮದುವೆಗೆ ಕೇಳಿದ ಎಂದು ತಿಳಿಯಲು ಬಲಕ್ಕೆ ಸರಿಸಬೇಕು, ಒಪ್ಪಿದಳೋ ಇಲ್ಲವೋ ಎಂದು ತಿಳಿಯಲು ಮತ್ತೆ ಎಡಕ್ಕೆ.

ಕನ್ನಡದ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಸಿಗುತ್ತವೆ. ಅವನ್ನು ಇ-ಇಂಕ್ ಪರದೆಯಲ್ಲಿ ಓದುವ ಆಸೆಯಿದ್ದರೆ ಆ್ಯಪ್‌ಗೆ ಬಾಗಿಲು ತೆರೆಯುವ ಸಾಧನವೇ ಗತಿ. ಪುಸ್ತಕದ ಆ್ಯಪ್‌ಗಳನ್ನಷ್ಟೇ ಒಳಗೆ ಬಿಟ್ಟು ಮಿಕ್ಕವನ್ನು ಹೊಸ್ತಿಲಲ್ಲೇ ತಡೆಯುವ ಸಾಧನವನ್ನು ಯಾರಾದರೂ ಮಾಡಿದರೆ ಜಗಳವೇ ಇರದು. ಸದ್ಯಕ್ಕಂತೂ ಪ್ಲೇ ಸ್ಟೋರ್ ಬರುವುದು ಪರಿವಾರ ಸಮೇತ. ಕಾದಂಬರಿಯ ನೆಪದಲ್ಲಿ ಕೊಂಡ ಪರದೆಯ ಮೇಲೆ ಯೂಟ್ಯೂಬ್‌ನ ಅಡುಗೆ ವಿಡಿಯೊ ತಡವರಿಸುತ್ತ ಓಡುತ್ತದೆ. ಅದರಲ್ಲಿ ಒಗ್ಗರಣೆ ಹದವಾಯಿತೋ ಸೀದುಹೋಯಿತೋ, ಬ್ರಹ್ಮನಿಗೂ ಗೊತ್ತಾಗದು.