ಕಿಂದರಿಜೋಗಿಯ ಅಡ್ವಾನ್ಸು

ನಿವೃತ್ತನಾದ ಗಂಡ ಮನೆಯಲ್ಲಿದ್ದರೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸುತ್ತಾನೆಂದು ಹೆದರಿ ನನ್ನಾಕೆ ನನ್ನನ್ನು ಎರಡು ಸರ್ಕಾರಿ ಶಾಲೆಗಳಿಗೆ ದಾನ ಮಾಡಿದಳು. ಮಂಗಳವಾರ ಶಿಕಾರಿಪುರ ತಾಲ್ಲೂಕಿನದೊಂದು ಹಳ್ಳಿ, ಗುರುವಾರ ಸೊರಬದ ಕಡೆಯದೊಂದು. ಐದನೇ ಕ್ಲಾಸಿನ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಓದಿದ ಪುಸ್ತಕದ ಬಗ್ಗೆ ಮಾತಾಡಿಸುವುದು ನನ್ನ ಕೆಲಸ.

ಮಾತಾಡಿಸಬೇಕೆ! ಬಂಗಾರಪ್ಪನವರನ್ನೂ ಯಡಿಯೂರಪ್ಪನವರನ್ನೂ ವಿಧಾನಸೌಧಕ್ಕೆ ಆರಿಸಿ ಕಳಿಸಿದ ಸೀಮೆ ಇದು. ಇಲ್ಲಿ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಚರ್ಚೆಗೆ ಇಳಿದಿರುತ್ತಾರೆ.

ಮೊದಲ ವಾರವೇ ಎಡವಿದೆ. ಓದಿನ ಮಹತ್ವ ಹೇಳೋಣವೆಂದು ಪಕ್ಕದ ತಾಳಗುಂದದ ಕಂಬದ ಶಾಸನ ಎತ್ತಿಕೊಂಡೆ. ಮಯೂರಶರ್ಮ ಓದಲೆಂದು ಕಂಚಿಗೆ ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು, ಕತ್ತಿ ಹಿಡಿದ, ಕದಂಬರ ರಾಜನಾದ. ಕೊನೇ ಸಾಲಿನಿಂದ ಒಬ್ಬ ಎದ್ದ: "ಹಂಗಾರೆ ಸಾ, ಓದು ಬಿಟ್ಟಿದ್ಕೇ ಅಲ್ವಾ ರಾಜ ಆಗಿದ್ದು?" ಶಾಸನವನ್ನು ಅಲ್ಲಿಗೇ ಮಡಚಿಟ್ಟೆ.

ಆಮೇಲೆ ಬೀರುವಿನ ಬೀಗ ತೆಗೆಸಿ ಹುಡುಕಿದಾಗ ಸಿಕ್ಕಿದ್ದು ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಕವನವನ್ನು ಕುವೆಂಪು ಜರ್ಮನಿಯ ವೇಸರ್ ನದಿಯ ದಂಡೆಯಿಂದ ಕಿತ್ತು ತಂದು ತುಂಗೆಯ ದಂಡೆಯಲ್ಲಿ ನಾಟಿ ಮಾಡಿದ್ದರು. ನಮ್ಮ ಮಕ್ಕಳು ಒಂದೇ ಪೀರಿಯಡ್ಡಿನಲ್ಲಿ ಅದನ್ನು ಮತ್ತೆ ಕಿತ್ತರು. ಜೋಗಿ ಊರಿನ ಇಲಿಗಳನ್ನೆಲ್ಲ ಹೊಳೆಗಿಳಿಸಿ ಮುಳುಗಿಸುವಲ್ಲೇ ತಕರಾರು ಶುರುವಾಯಿತು.

"ನಮ್ಮ ಕುಮುದ್ವತೀಲಿ ಬೇಸಿಗೇಲಿ ಇಲಿ ಮುಳುಗಲ್ಲ ಸಾ, ನೀರೆಲ್ಲೈತೆ?"

"ಅಂಜನಾಪುರ ಡ್ಯಾಮಿಗೆ ಹೊಡ್ಕೊಂಡ್ ಹೋಗ್ಬೇಕು."

"ಅಲ್ಲೀ ತಂಕ ಇಲಿ ನಡೀತಾವೇನೋ? ಟ್ರ್ಯಾಕ್ಟರ್ ಮಾಡ್ಬೇಕು."

ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡಬೇಕೆಂಬಲ್ಲಿಗೆ ಬೆಲ್ ಹೊಡೆಯಿತು.

ಗುರುವಾರ, ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ಡಿನಲ್ಲಿ, ಅದೇ ಪುಸ್ತಕ. ಸೊರಬದವರು ದಂಡಾವತಿಯ ಮಾತೆತ್ತುತ್ತಾರೆಂದು ಉತ್ತರ ಸಿದ್ಧ ಮಾಡಿಕೊಂಡೇ ಹೋಗಿದ್ದೆ. ಅವರು ಹೊಳೆಯ ತಂಟೆಗೇ ಹೋಗಲಿಲ್ಲ. "ಇಲಿ ಓಡಿಸಿದ ಮೇಲೆ ಹಣ ಕೊಡದೆ ಮಾತು ತಪ್ಪಿದ ಗೌಡನದು ತಪ್ಪೋ, ಸಿಟ್ಟಿಗೆ ಊರ ಮಕ್ಕಳನ್ನು ಕರೆದೊಯ್ದ ಜೋಗಿಯದು ತಪ್ಪೋ?" ಎಂದು ಗಂಭೀರವಾಗಿ ಕೇಳಿದೆ.

ಎರಡು ಜಡೆಯ ಹುಡುಗಿಯೊಬ್ಬಳು ತೀರ್ಪು ಕೊಟ್ಟಳು: "ಜೋಗೀದೇ. ನಮ್ಮೂರ ಡೊಳ್ಳಿನೋರು ಅಡ್ವಾನ್ಸ್ ಇಸ್ಕಳ್ದೆ ಕೋಲು ಮುಟ್ಟಲ್ಲ."

ಎಲ್ಲರೂ ನಕ್ಕರು. ಅಷ್ಟರವರೆಗೆ ಬಾಯೇ ಬಿಡದಿದ್ದ ಸಣ್ಣ ಹುಡುಗನೊಬ್ಬ ಪುಸ್ತಕ ತನ್ನ ಕಡೆ ಎಳೆದುಕೊಂಡು, ಜೋಗಿಯ ಜೊತೆ ಹೋಗಲಾರದೆ ಹಿಂದುಳಿದ ಕುಂಟ ಹುಡುಗನ ಚಿತ್ರದ ಮೇಲೆ ಬೆರಳಿಟ್ಟ. "ಇವ್ನೇ ಸಾ ಕತೆ ಹೇಳಿದ್ದು. ಉಳ್ದೋರೆಲ್ಲ ಗುಡ್ಡದೊಳಗೆ ಹೋದ್ರಲ್ಲ, ಇನ್ಯಾರಿಗೆ ಗೊತ್ತಿತ್ತು?"

ನಲವತ್ತು ವರ್ಷದಿಂದ ಈ ಪದ್ಯ ನನಗೆ ಬಾಯಿಪಾಠ. ಇದು ಹೊಳೆದಿರಲಿಲ್ಲ. ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅಡುಗೆಕೋಣೆಯಿಂದ ತಟ್ಟೆಗಳ ಸದ್ದು ಬಂತು. ಇಡೀ ಕ್ಲಾಸು ಅದರ ಹಿಂದೆ ಓಡಿತು. ನೆಲದ ಮೇಲೆ ಕೂತೂ ಕೂತೂ ನನ್ನ ಬಲಗಾಲು ಜೋಮು ಹಿಡಿದಿತ್ತು. ಪುಸ್ತಕ ಕಂಕುಳಲ್ಲಿ ಇರುಕಿಕೊಂಡು, ಕುಂಟುತ್ತಾ, ಎಲ್ಲರಿಗಿಂತ ಹಿಂದೆ ನಾನೂ ಹೊರಟೆ.