ಎಲ್ಲಿಗೆ ಎಂದು ಕೇಳುವವರು

ಹೊರಟವರನ್ನು 'ಎಲ್ಲಿಗೆ' ಅನ್ನಬಾರದು, 'ದೂರಾನಾ' ಅನ್ನಬೇಕು, ಇಲ್ಲದಿದ್ದರೆ ಹೋದ ಕೆಲಸ ಕೆಡುತ್ತದೆ ಎನ್ನುತ್ತಿದ್ದರು ನಮ್ಮಮ್ಮ. ಅವರ ಮಗ ಹನ್ನೊಂದು ವರ್ಷದಿಂದ ಬೆಳಿಗ್ಗೆ ಏಳೂಕಾಲಿಗೆ ಆ ಪ್ರಶ್ನೆ ಕೇಳಿಸಿಕೊಂಡೇ ಅನ್ನ ಸಂಪಾದಿಸುತ್ತಿದ್ದಾನೆ.

ಮನೆ ಕೆನಡಾದ ವಿಂಡ್ಸರಿನಲ್ಲಿ, ಕೆಲಸ ಹೊಳೆಯಾಚೆ ಅಮೆರಿಕದ ಡೆಟ್ರಾಯಿಟಿನಲ್ಲಿ. ನಡುವೆ, ನೀರಿನಡಿ, 1930ರಲ್ಲಿ ತೆರೆದ ಒಂದೂವರೆ ಕಿಲೋಮೀಟರಿನ ಸುರಂಗ. (ನಕ್ಷೆ ನೋಡಿ: ಇಲ್ಲಿ ಕೆನಡಾ ದಕ್ಷಿಣಕ್ಕಿದೆ, ಅಮೆರಿಕ ಉತ್ತರಕ್ಕೆ. ಮೊದಲ ಗೊಂದಲ ಅಲ್ಲಿಂದಲೇ.) ಆಚೆ ಬಾಯಲ್ಲಿ ಗಾಜಿನ ಗೂಡುಗಳು, ಒಂದರಲ್ಲಿ ಅವರು. ಹೆಸರು ಎದೆಯ ಮೇಲೇ ಇದೆ. ಕಣ್ಣೆತ್ತಿ ಓದುವ ಧೈರ್ಯ ನನಗಾಗಿಲ್ಲ. ನಮ್ಮನೆಯಲ್ಲಿ ಅವರು ದೂರ್ವಾಸರು. ಪಾಳಿಯ ನಡುವೆ ಗೂಡು ಬದಲಿಸುತ್ತಿರುತ್ತಾರೆ. ತಪ್ಪಿಸಿಕೊಳ್ಳಲು ನಾನು ಸಾಲು ಬದಲಿಸಿದರೆ ಅಲ್ಲೂ ಅವರೇ.

ಈ ಜಾತಿಯವರು ಮೊದಲು ಪಾಸ್‌ಪೋರ್ಟ್ ನೋಡುತ್ತಾರೆ, ಆಮೇಲೆ ಕಂಪ್ಯೂಟರ್, ಕೊನೆಗೆ ನಿಮ್ಮ ಮುಖ. ನಕಲು ಏನಿದ್ದರೂ ಅದು ಮುಖವೇ ಎಂಬಂತೆ. ನೀವು ನಕ್ಕರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ಪ್ರಶ್ನೆಗೆ ಎರಡು ಮಾತಿನ ಉತ್ತರ ಸಾಕು; ಮೂರನೆಯದು ಬಾಯಿಂದ ಬಿತ್ತೋ, ಮೂರು ಹೊಸ ಪ್ರಶ್ನೆ.

ಒಂದು ಸಲ ಸಹೋದ್ಯೋಗಿಗೆಂದು ನನ್ನವಳು ಕುಂಡದ ಕರಿಬೇವಿನ ನಾಲ್ಕು ಎಸಳು ಕಟ್ಟಿಕೊಟ್ಟಳು.

"ಹಣ್ಣು, ತರಕಾರಿ, ಗಿಡ?"

"ಇಲ್ಲ" ಎಂದಿತು ಅಭ್ಯಾಸದ ನಾಲಿಗೆ. ಘಮ ಅಷ್ಟರಲ್ಲಿ ಕಿಟಕಿ ದಾಟಿತ್ತು.

"ಇದೇನು?"

"ಎಲೆ. ಎಣ್ಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಹಾಕುತ್ತೇವೆ."

"ತಿನ್ನುತ್ತೀರಾ?"

"ಇಲ್ಲ, ತಟ್ಟೆಯ ಅಂಚಿಗೆ ತೆಗೆದಿಡುತ್ತೇವೆ."

ಸತ್ಯವನ್ನೇ ಹೇಳಿದ್ದೆ. ಆದರೆ ತಿನ್ನದ ಎಲೆಯನ್ನು ದೇಶ ದಾಟಿಸುವವನನ್ನು ಯಾರು ತಾನೇ ನಂಬಿಯಾರು? ಕಾರು ಬದಿಗೆ ಹೋಯಿತು. ಸ್ಟೆಪ್ನಿಯನ್ನೂ ಎತ್ತಿ ನೋಡಿದರು. ನಲವತ್ತು ನಿಮಿಷದ ಮೇಲೆ ದೂರ್ವಾಸರೇ ಬಂದು ಪಾಠ ಮಾಡಿದರು: ಈ ಎಲೆಯ ಮೇಲೆ ಸಾಸಿವೆಗಿಂತ ತುಸು ದೊಡ್ಡ ಹುಳವೊಂದು ಕೂರುತ್ತದೆ, ಕಿತ್ತಳೆ ಗಿಡಕ್ಕೆ ರೋಗ ಅಂಟಿಸುತ್ತದೆ, 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ತೋಟಕ್ಕೆ ತೋಟವನ್ನೇ ನುಂಗಿದೆ. ನಮ್ಮ ಕೊಡಗಿನ ಕಿತ್ತಳೆಯನ್ನು ಕಾಡಿದ್ದೂ ಅದೇ ರೋಗ. ಜಗಳಕ್ಕೆ ಸಿದ್ಧನಾಗಿದ್ದವನು ತೆಪ್ಪಗಾದೆ. ದಂಡ ಹಾಕದೆ ಬಿಟ್ಟದ್ದು ನನ್ನ ಪುಣ್ಯ. ಎಲೆ ಮಾತ್ರ ಕಸಕ್ಕೆ ಹೋಯಿತು.

ಈಗ ಸಂಜೆ ನನ್ನವಳು "ಏನು ತಂದ್ರಿ?" ಎಂದರೆ ನಾನು ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದಂತೆ ನೆಟ್ಟಗೆ ಕೂತು "ಏನೂ ಇಲ್ಲ" ಎನ್ನುತ್ತೇನೆ. ಚೀಲದಲ್ಲಿ ಬಾಳೆಹಣ್ಣು ಇರುತ್ತದೆ.

2020ರ ಮಾರ್ಚಿನಲ್ಲಿ ಗಡಿ ಬಿಗಿಯಾಯಿತು, ಆಫೀಸು ಊಟದ ಮೇಜಿಗೆ ಬಂತು. ಮೇಜಿನಿಂದ ಸೋಫಾಕ್ಕೆ ದಾಟಿದರೆ ಎಲ್ಲಿಗೆ, ಯಾಕೆ, ಎಷ್ಟು ಹೊತ್ತು ಎನ್ನುವವರೇ ಇಲ್ಲ. ಮೊದಲ ವಾರ ಹಾಯೆನಿಸಿತು. ಆಮೇಲೆ ಸಂಜೆ ಹೊಳೆಯ ದಂಡೆಗೆ ಹೋಗಿ, ಆಚೆ ದಡ ನೋಡುತ್ತಾ, ದೂರ್ವಾಸರು ಈಗ ಯಾರನ್ನು ಕಾಡುತ್ತಿರಬಹುದು ಎಂದು ಯೋಚಿಸತೊಡಗಿದೆ.

2021ರ ನವೆಂಬರಿನಲ್ಲಿ ಮತ್ತೆ ಹೋದೆ. ಅವರೇ. ಮೀಸೆ ನರೆತಿತ್ತು. ಪಾಸ್‌ಪೋರ್ಟ್ ನೋಡಿದರು, ಕಂಪ್ಯೂಟರ್ ನೋಡಿದರು, ಮುಖ ನೋಡಿದರು.

"ಬಹಳ ದಿನವಾಯಿತಲ್ಲ. ದೂರ ಹೋಗಿದ್ದಿರಾ?"

ಎದೆ ಧಸಕ್ಕೆಂದಿತು. "ಇಲ್ಲ ಸಾರ್, ಇಲ್ಲೇ, ಎದುರು ದಡದಲ್ಲೇ ಇದ್ದೆ" ಎಂದೆ. ಮಾತು ಹೆಚ್ಚಾಯಿತೇನೋ ಎಂದು ನಾಲಿಗೆ ಕಚ್ಚಿಕೊಂಡೆ.

"ಎಲೆ?" ಎಂದರು.